ಇಂಟರ್‌ವ್ಯೂ ಮಾಡುವವರ ಬಗ್ಗೆ ಹದಿನಾಲ್ಕು ಪುಟ

ಅಮೆರಿಕದ ಮೆಡಿಕಲ್ ಕಾಲೇಜೊಂದರ ಪ್ರವೇಶ ಸಂದರ್ಶನಕ್ಕೆ ಬೆಳಗಾವಿಯ ತಿಲಕವಾಡಿಯಲ್ಲಿ ಕೂತು ತಯಾರಾದ ಹುಡುಗಿಯ ಪ್ರಕರಣ ಇದು. ನನ್ನ ಚಿಕ್ಕಮ್ಮನ ಮೊಮ್ಮಗಳು. ನನ್ನನ್ನು ಮಾಮಾ ಅನ್ನುತ್ತಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳ ಹೆಸರಾಗಲಿ, ಕಾಲೇಜಿನ ಹೆಸರಾಗಲಿ, ಸಂದರ್ಶನ ಮಾಡಿದ ಡಾಕ್ಟರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ನಾನು ಸಮುದಾಯ ವೈದ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ವೈವಾ, ಅಂದರೆ ಮೌಖಿಕ ಪರೀಕ್ಷೆಯ, ಮೇಜಿನ ಆಚೆ ಬದಿಯಲ್ಲಿ ಸಾಕಷ್ಟು ವರ್ಷ ಕೂತಿದ್ದೇನೆ. ಎದುರು ಕೂತವರು ಪಾಠ ಓದಿಕೊಂಡು ಬಂದಿದ್ದಾರೋ, ನನ್ನನ್ನು ಓದಿಕೊಂಡು ಬಂದಿದ್ದಾರೋ ಅನ್ನೋದು ಎರಡನೇ ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ.

ಹಿನ್ನೆಲೆ

ಹುಡುಗಿ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಪ್ಪ ಅಮ್ಮ ಬೆಳಗಾವಿ ಜಿಲ್ಲೆಯವರು. ಅಲ್ಲಿ ನಮ್ಮ ಹಾಗೆ ಪಿಯುಸಿ ಆದ ಕೂಡಲೇ ಮೆಡಿಕಲ್ ಸೇರುವುದು ಸಾಮಾನ್ಯ ಪದ್ಧತಿ ಅಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಅದರ ಜೊತೆಗೆ ಎಂಕ್ಯಾಟ್ ಅನ್ನೋ ಮೆಡಿಕಲ್ ಪ್ರವೇಶ ಪರೀಕ್ಷೆ, ಆಮೇಲೆ ಅರ್ಜಿ. ಡಿಗ್ರಿ ಮುಗಿಸಿ ಅರ್ಜಿ ಹಾಕಿ, ನಡುವಿನ ಒಂದು ವರ್ಷ ಅಜ್ಜಿಯ ಮನೆಯಲ್ಲಿ ಇರೋಣ ಅಂತ ಬಂದಿದ್ದಳು. ಬೈಲಹೊಂಗಲ ಕಡೆಯ ಅಜ್ಜನ ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತೆಯರ ಜೊತೆ ಮನೆಮನೆ ಓಡಾಡುತ್ತಿದ್ದಳು.

ಅಲ್ಲಿಯ ಅರ್ಜಿ ಅಂದರೆ ಬರೀ ಅಂಕ ಅಲ್ಲ. ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ವೈದ್ಯ ಪದವಿ) ಕೊಡುವ ಹೆಚ್ಚಿನ ಕಾಲೇಜುಗಳಿಗೆ ಅಮ್ಕಾಸ್ ಅನ್ನೋ ಒಂದೇ ವ್ಯವಸ್ಥೆಯಿಂದ ಅರ್ಜಿ ಹೋಗುತ್ತದೆ. ಅದರಲ್ಲಿ 5,300 ಅಕ್ಷರದೊಳಗೆ 'ನಾನೇಕೆ ವೈದ್ಯೆ ಆಗಬೇಕು' ಅಂತ ಬರೆಯಬೇಕು. ಮಾಡಿದ ಕೆಲಸ, ಸೇವೆ, ಸಂಶೋಧನೆ ಎಲ್ಲ ಸೇರಿ 15 ಚಟುವಟಿಕೆವರೆಗೆ ತುಂಬಬಹುದು, ಗಂಟೆ ಲೆಕ್ಕದ ಸಮೇತ. ಇದಾದ ಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳನ್ನು ಬೇರೆ ಕಳಿಸುತ್ತದೆ. ಇಷ್ಟೆಲ್ಲ ದಾಟಿದವರಲ್ಲಿ ಕೆಲವರನ್ನು ಮಾತ್ರ ಇಂಟರ್‌ವ್ಯೂಗೆ ಕರೆಯುತ್ತಾರೆ. 2020ರ ನಂತರ ಬಹಳಷ್ಟು ಕಡೆ ಅದು ವಿಡಿಯೋ ಕಾಲ್‌ನಲ್ಲೇ ನಡೆಯುತ್ತದೆ. ಹಾಗಾಗಿಯೇ ತಿಲಕವಾಡಿಯಲ್ಲಿ ಕೂತು ಮಾತಾಡುವುದು ಸಾಧ್ಯವಾಯಿತು.

ಅಕ್ಟೋಬರಿನಲ್ಲಿ ಒಂದು ಕಾಲೇಜಿನಿಂದ ಕರೆ ಬಂತು. ನವೆಂಬರ್ ಮೊದಲ ವಾರ ಕಳೆದ ಮೇಲೆ, ಅಲ್ಲಿಯ ಬೆಳಿಗ್ಗೆ 10 ಗಂಟೆಗೆ. ಅರ್ಧರ್ಧ ಗಂಟೆಯ ಎರಡು ಮಾತುಕತೆ. ಮೇಲ್‌ನಲ್ಲಿ ಎರಡು ಹೆಸರಿದ್ದವು. ಒಬ್ಬರು ಪ್ರಸೂತಿ ವಿಭಾಗದ ಪ್ರಾಧ್ಯಾಪಕಿ. ಇನ್ನೊಬ್ಬ ಅದೇ ಕಾಲೇಜಿನ ನಾಲ್ಕನೇ ವರ್ಷದ ವಿದ್ಯಾರ್ಥಿ.

ಮನೆಯವರ ಸಲಹೆ

ನಮ್ಮ ಕಡೆ ಮೆಡಿಕಲ್ ಸೀಟು ಅಂದರೆ ನೀಟ್ ಅಂಕ, ರ‍್ಯಾಂಕು, ಕೌನ್ಸೆಲಿಂಗು. ಪುಣೆಯ ಸೇನಾ ಮೆಡಿಕಲ್ ಕಾಲೇಜು ಎಎಫ್‌ಎಂಸಿಯಂಥ ಕಡೆ ಬಿಟ್ಟರೆ ಎಂಬಿಬಿಎಸ್‌ಗೆ ಮುಖ ನೋಡಿ ಮಾತಾಡಿಸುವ ಪದ್ಧತಿಯೇ ಇಲ್ಲ. ಹಾಗಾಗಿ 'ಇಂಟರ್‌ವ್ಯೂ ಮಾಡುವವರ ಹೆಸರು ಬಂದಿದೆ' ಅಂದ ಕೂಡಲೇ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಬೇರೆಯೇ. ಅಜ್ಜಿ ಕೇಳಿದರು, "ಆ ಡಾಕ್ಟರಬಾಯಿಗೆ ನಮ್ಮವರ ಪೈಕಿ ಯಾರರೇ ಗುರ್ತಿನವರು ಅದಾರೇನು?" ನ್ಯೂಜೆರ್ಸಿಯಲ್ಲಿರುವ ಅವಳ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ. ಆ ಆಸ್ಪತ್ರೆಯಲ್ಲಿ ತನ್ನ ಗೆಳೆಯನ ಹೆಂಡತಿ ಕೆಲಸ ಮಾಡುತ್ತಾಳೆ, ಒಂದು ಮಾತು ಹೇಳಿಸಿಡೋಣ ಅಂದ.

ಇದನ್ನು ಕೆಟ್ಟ ಮನಸ್ಸಿನಿಂದ ಯಾರೂ ಹೇಳಲಿಲ್ಲ. ಮುನಿಸಿಪಾಲಿಟಿ ಕಾಗದದಿಂದ ಹಿಡಿದು ಆಸ್ಪತ್ರೆಯ ಬೆಡ್‌ವರೆಗೆ ವಶೀಲಿ ಇಲ್ಲದೆ ಕೆಲಸ ಆಗದು ಅಂತ ನಂಬಿಕೊಂಡೇ ಬದುಕಿದ ತಲೆಮಾರು ಅದು. ಆದರೆ ಇಲ್ಲಿ ಅದು ಕೆಲಸ ಕೆಡಿಸುತ್ತದೆ. ಸಂದರ್ಶನಕ್ಕೆ ಮೊದಲು ಆ ವ್ಯಕ್ತಿಗೆ ನೇರವಾಗಿ ಬರೆಯುವುದು, ಯಾರ ಕೈಲಾದರೂ ಹೇಳಿಸುವುದು ಎರಡೂ ಬೇಡ. ನಿಜವಾಗಿ ಪರಿಚಯ ಇದ್ದರಂತೂ ಪ್ರವೇಶ ಕಚೇರಿಗೆ ತಾನಾಗಿ ತಿಳಿಸಿ, ಬೇರೆಯವರನ್ನು ಹಾಕಿ ಅಂತ ಕೇಳಬೇಕು. ಕಾಕಾನಿಗೆ ನಾನೇ ಫೋನ್ ಮಾಡಿ "ದಯವಿಟ್ಟು ಸುಮ್ನೆ ಇರು" ಅಂದೆ. ಸ್ವಲ್ಪ ಸಿಟ್ಟಾದ. ಇದ್ದ.

ಹದಿನಾಲ್ಕು ಪುಟ

ಹುಡುಗಿ ವಶೀಲಿ ಕೇಳುವವಳಲ್ಲ. ಅವಳ ದಾರಿ ಗೂಗಲ್. ಹೆಸರು ಬಂದ ರಾತ್ರಿಯಿಂದಲೇ ಹುಡುಕೋಕೆ ಶುರು ಮಾಡಿದ್ದಳು. ದೀಪಾವಳಿ ಫರಾಳದ ಡಬ್ಬಿ ಕೊಡಲು ಬಂದಾಗ ಲ್ಯಾಪ್‌ಟಾಪನ್ನೂ ತಂದು, "ಮಾಮಾ, ಇದನ್ನೊಂದ್ಸಲ ನೋಡ್ರಿ" ಅಂತ ನನ್ನ ಮುಂದೆ ಇಟ್ಟಳು. ಪ್ರಸೂತಿ ಡಾಕ್ಟರ ಬಗ್ಗೆ ಹದಿನಾಲ್ಕು ಪುಟ. ಬಣ್ಣ ಬಣ್ಣದ ಸಾಲುಗಳು. ಓದಿದ್ದಕ್ಕೆ ನೀಲಿ, ಸಂಶೋಧನೆಗೆ ಹಸಿರು, 'ವೈಯಕ್ತಿಕ'ಕ್ಕೆ ಹಳದಿ.

ಹಳದಿ ಸಾಲುಗಳನ್ನು ಓದುತ್ತಾ ನನಗೆ ಒಂಥರಾ ಆಯಿತು. ಆ ಡಾಕ್ಟರು ಮ್ಯಾರಥಾನ್ ಓಡಿದ್ದು, ಎಷ್ಟು ಹೊತ್ತಿನಲ್ಲಿ ಮುಗಿಸಿದ್ದು. ಅವರ ತಂದೆ ತೀರಿಕೊಂಡಾಗ ಊರ ಪತ್ರಿಕೆಯಲ್ಲಿ ಬಂದ ನಿಧನ ಸುದ್ದಿ, ಅದರಲ್ಲಿದ್ದ ಮೊಮ್ಮಕ್ಕಳ ಹೆಸರು. ನಾಯಿ ಯಾವ ಜಾತಿಯದು. ಮನೆ ಯಾವ ವರ್ಷ ಕೊಂಡರು, ಎಷ್ಟಕ್ಕೆ ಕೊಂಡರು. ಅಲ್ಲಿ ಬಹಳ ಕಡೆ ಮನೆ ಮಾರಾಟದ ದಾಖಲೆ ಯಾರು ಬೇಕಾದರೂ ನೋಡುವಂತಿರುತ್ತದೆ. ಹಾಗಾಗಿ ಇದರಲ್ಲಿ ಕಳ್ಳತನ ಏನೂ ಇಲ್ಲ. ಆದರೆ ಎದುರಿಗೆ ಕೂತವರಿಗೆ 'ಇವಳಿಗೆ ಇದೆಲ್ಲ ಗೊತ್ತು' ಅಂತ ಗೊತ್ತಾದರೆ ಏನಾಗಬಹುದು ಅಂತ ಊಹಿಸಿ.

ಹಸಿರು ಸಾಲಿನಲ್ಲಿ ಬೇರೆ ತೊಂದರೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್‌ ಜಾಲತಾಣದಲ್ಲಿ ಆ ಹೆಸರು ಹಾಕಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡಿದ್ದಳು. ಹೆರಿಗೆಯ ನಂತರದ ರಕ್ತಸ್ರಾವದ ಬಗ್ಗೆ ಒಂದಿಷ್ಟು, ಮಕ್ಕಳ ಸಕ್ಕರೆ ಕಾಯಿಲೆಯ ಬಗ್ಗೆ ಒಂದಿಷ್ಟು. ಪ್ರಸೂತಿ ತಜ್ಞೆ ಮಕ್ಕಳ ಡಯಾಬಿಟಿಸ್ ಬಗ್ಗೆ ಇಷ್ಟೊಂದು ಯಾಕೆ ಬರೆಯುತ್ತಾರೆ? ಕಾಲೇಜಿನ ಪುಟದಲ್ಲಿ ಅವರು ಎಂಡಿ ಮುಗಿಸಿದ ವರ್ಷ ನೋಡಿದೆವು. ಡಯಾಬಿಟಿಸ್ ಪ್ರಬಂಧಗಳಲ್ಲಿ ಕೆಲವು ಅದಕ್ಕೂ ತುಂಬಾ ಹಿಂದಿನವು. ನಡುಹೆಸರಿನ ಮೊದಲಕ್ಷರ ಬೇರೆ, ಆಸ್ಪತ್ರೆ ಬೇರೆ, ರಾಜ್ಯವೂ ಬೇರೆ. ಅದೇ ಹೆಸರಿನ ಇನ್ನೊಬ್ಬ ಡಾಕ್ಟರು ಅವರು. ಮ್ಯಾರಥಾನ್ ಓಡಿದವರೂ ಆ ಇನ್ನೊಬ್ಬರೇ. ತಂದೆಯ ನಿಧನ ಸುದ್ದಿ ಯಾರದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲೂ ಹೋಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಪಾಟೀಲರು, ಕುಲಕರ್ಣಿಯರು ಎಷ್ಟು ಜನ ಸಿಗುತ್ತಾರೆ ಅಂತ ನಮಗೆ ಹೇಳಿಕೊಡಬೇಕಾ? ಅಲ್ಲಿಯೂ ಅದೇ ಕಥೆ. ಸಂಶೋಧಕರಿಗೆ ಓರ್ಕಿಡ್ ಅಂತ 16 ಅಂಕಿಯ ಗುರುತು ಸಂಖ್ಯೆ ಕೊಡುವ ವ್ಯವಸ್ಥೆ 2012ರಲ್ಲಿ ಶುರುವಾದದ್ದೇ ಈ ಗೊಂದಲ ತಪ್ಪಿಸೋಕೆ. ಕಾಲೇಜಿನ ಪುಟದಲ್ಲಿ ಅದು ಇದ್ದರೆ ಅದರಿಂದ ಹೋಗುವುದು ಸುಲಭ. ಇಲ್ಲದಿದ್ದರೆ ಪ್ರಬಂಧದಲ್ಲಿ ಹೆಸರಿನ ಕೆಳಗೆ ಬರೆದ ಸಂಸ್ಥೆಯನ್ನು ಒಂದೊಂದಾಗಿ ನೋಡಬೇಕು. ಇದನ್ನು ಮಾಡದೆ "ನಿಮ್ಮ ಡಯಾಬಿಟಿಸ್ ಕೆಲಸ ನನಗೆ ಸ್ಫೂರ್ತಿ" ಅಂತ ಒಂದು ವಾಕ್ಯ ಬಿಟ್ಟಿದ್ದರೆ? ಅವಳ ಪಟ್ಟಿಯಲ್ಲಿ ಆ ವಾಕ್ಯ ನಿಜಕ್ಕೂ ಇತ್ತು.

ಲಿಂಕ್ಡ್‌ಇನ್ ಬಗ್ಗೆಯೂ ಒಂದು ಮಾತು. ಲಾಗಿನ್ ಆಗಿಯೇ ಆ ಡಾಕ್ಟರ ಪುಟಕ್ಕೆ ಮತ್ತೆ ಮತ್ತೆ ಹೋಗಿ ಬಂದಿದ್ದಳು. ನೋಡಿದವರು ಯಾರು ಅಂತ ಅಲ್ಲಿ ಪುಟದ ಯಜಮಾನರಿಗೆ ತೋರಿಸುತ್ತದೆ, ಸೆಟ್ಟಿಂಗ್‌ನಲ್ಲಿ ಅಜ್ಞಾತವಾಗಿ ಇಟ್ಟುಕೊಂಡರೆ ಮಾತ್ರ ಇಲ್ಲ. ಇದು ಅವಳಿಗೆ ಗೊತ್ತಿರಲಿಲ್ಲ. ಮುಖ ಸಪ್ಪಗಾಯಿತು. ನನ್ನ ಪ್ರಕಾರ ಒಂದು ಸಲ ನೋಡಿದ್ದು ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಟರ್‌ವ್ಯೂ ಇರುವವರು ನೋಡೇ ನೋಡುತ್ತಾರೆ ಅಂತ ಅವರಿಗೂ ಗೊತ್ತಿರುತ್ತದೆ. ದಿನವೂ ನೋಡುವುದು ಬೇರೆ ಮಾತು.

ಏನು ಉಳಿಸಿದೆವು

ಅಳತೆಗೋಲು ಒಂದೇ ಇಟ್ಟುಕೊಂಡೆವು. "ಇದು ನಿನಗೆ ಹೇಗೆ ಗೊತ್ತಾಯಿತು?" ಅಂತ ಆ ಡಾಕ್ಟರೇ ಕೇಳಿದರೆ ತಡವರಿಸದೆ ಉತ್ತರ ಹೇಳುವಂಥದ್ದು ಮಾತ್ರ ಉಳಿಯಲಿ. ಕಾಲೇಜಿನ ಪುಟದಲ್ಲಿ ಓದಿದೆ ಅನ್ನಬಹುದು. ಪ್ರಕಟವಾದ ಪ್ರಬಂಧ ನೋಡಿದೆ ಅನ್ನಬಹುದು. ನಿಮ್ಮ ಮನೆ ಎಷ್ಟಕ್ಕೆ ಕೊಂಡಿರಿ ಅಂತ ನೋಡಿದೆ ಅನ್ನೋಕೆ ಆಗುತ್ತದಾ? ಹಳದಿ ಎಲ್ಲ ಹೋಯಿತು. ಹಸಿರು ಅರ್ಧ ಹೋಯಿತು. ಹದಿನಾಲ್ಕು ಪುಟ ಅರ್ಧ ಪುಟಕ್ಕೆ ಇಳಿಯಿತು. ಪ್ರಸೂತಿ ತಜ್ಞೆ. ಹೆರಿಗೆಯ ನಂತರದ ರಕ್ತಸ್ರಾವ ಇವರ ಸಂಶೋಧನೆಯ ವಿಷಯ. ಬಡ ದೇಶಗಳ ಆಸ್ಪತ್ರೆಗಳ ಜೊತೆ ಕೆಲಸ ಮಾಡಿದವರು. ವಿದ್ಯಾರ್ಥಿಗಳಿಗೆ ಹೆರಿಗೆ ಕೋಣೆಯ ಪಾಠ ಇವರದ್ದೇ.

ಈ ಅರ್ಧ ಪುಟವನ್ನು ಹೊಗಳೋಕೆ ಬಳಸಬಾರದು, ಪ್ರಶ್ನೆ ಊಹಿಸೋಕೆ ಬಳಸಬೇಕು ಅಂತ ನನ್ನ ವಾದ. ಇಂಥವರು ಇವಳ ಅರ್ಜಿ ತೆರೆದರೆ ಕಣ್ಣು ಎಲ್ಲಿ ನಿಲ್ಲುತ್ತದೆ? ಬೆಳಗಾವಿ ಜಿಲ್ಲೆಯ ಹಳ್ಳಿ, ತಾಯಿ ಮಗು ಆರೋಗ್ಯ, 200 ಗಂಟೆ ಅಂತ ಬರೆದ ಆ ಚಟುವಟಿಕೆಯ ಮೇಲೆ. ಕೂಡಲೇ ಬರುವ ಪ್ರಶ್ನೆ: "ಅಲ್ಲಿ ನೀವು ನಿಜವಾಗಿ ಏನು ಮಾಡಿದಿರಿ?"

ಈ ಪ್ರಶ್ನೆ ಸುಮ್ಮನೆ ಬರುವುದಲ್ಲ. ಅಮೆರಿಕದ ವಿದ್ಯಾರ್ಥಿಗಳು ಬಡ ದೇಶಗಳಿಗೆ ಹೋಗಿ, ತರಬೇತಿಯೇ ಇಲ್ಲದೆ ಹೊಲಿಗೆ ಹಾಕುವುದು, ಹೆರಿಗೆಗೆ ಕೈ ಹಾಕುವುದು ಎಲ್ಲ ನಡೆದು ದೊಡ್ಡ ಚರ್ಚೆ ಆಗಿದೆ. ಅಲ್ಲಿಯ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ಇದರ ಬಗ್ಗೆ ಮಾರ್ಗಸೂಚಿಯನ್ನೇ ಕೊಟ್ಟಿದೆ. ವಿದೇಶಗಳಲ್ಲಿ ಕೆಲಸ ಮಾಡಿದ ಪ್ರಸೂತಿ ತಜ್ಞೆ ಇದನ್ನು ಬಿಡುತ್ತಾರಾ? ನಾನು ಕೇಳಿದಾಗ ಹುಡುಗಿಯ ಉತ್ತರ ಹೀಗಿತ್ತು: "ನಾನು ತಾಯಂದಿರ ಆರೈಕೆಯಲ್ಲಿ ಸಹಾಯ ಮಾಡಿದೆ." ಸಹಾಯ ಅಂದರೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ತಾಯಿ ಕಾರ್ಡ್‌ಗಳನ್ನು ಜೋಡಿಸಿ ಇಟ್ಟೆ, ಮನೆ ಹುಡುಕಿಕೊಟ್ಟೆ, ಚೀಲ ಹಿಡಿದುಕೊಂಡೆ, ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಯಾರ ಮೈಯನ್ನೂ ಮುಟ್ಟಲಿಲ್ಲ. ಅದನ್ನೇ ಹೇಳು ಅಂದೆ. ಅಷ್ಟು ಚೆನ್ನಾಗಿರುವ ಉತ್ತರವನ್ನು 'ಆರೈಕೆಯಲ್ಲಿ ಸಹಾಯ' ಅಂತ ಯಾಕೆ ಮುಚ್ಚಿಡಬೇಕು?

ಕೈಯಳತೆಯಲ್ಲಿದ್ದ ಅಧ್ಯಯನ

ಇಲ್ಲಿ ನನಗೆ ಸ್ವಲ್ಪ ಊರಿನ ಅಭಿಮಾನ ಬಂತು, ಸಹಿಸಿಕೊಳ್ಳಿ. ಡಾಕ್ಟರ ಪ್ರಬಂಧವೊಂದರ ಕೊನೆಯ ಉಲ್ಲೇಖ ಪಟ್ಟಿ ನೋಡುತ್ತಿದ್ದಾಗ 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕಾಣಿಸಿತು. ಹೆರಿಗೆ ರಕ್ತಸ್ರಾವ ತಡೆಯೋಕೆ ಮಿಸೊಪ್ರೊಸ್ಟಾಲ್ ಗುಳಿಗೆ. ಹುಡುಗಿ ಅದರ ಮೇಲೆ ಕಣ್ಣಾಡಿಸಿ ದಾಟಿಹೋಗಿದ್ದಳು. ಶೀರ್ಷಿಕೆಯಲ್ಲಿ ಊರಿನ ಹೆಸರಿಲ್ಲ. ಆದರೆ ಆ ಅಧ್ಯಯನ ನಡೆದದ್ದು ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ನಮ್ಮ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಅಮೆರಿಕದವರ ಜೊತೆ ಸೇರಿ ಮಾಡಿದ್ದು. ಊರಿನ ಹೆಸರು ಬೆಳಗಾವಿ ಅಂತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಹಾಗಾಗಿ ಅದರಲ್ಲೆಲ್ಲ ಇರುವುದು ಬೆಲ್ಗಾಮ್.

ವಿಷಯ ಸರಳ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ. ಅದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಒಳ್ಳೆಯ ಔಷಧ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚೋಕೆ ಬರಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಆಗುವಾಗ ಅದೆಲ್ಲಿ ಸಾಧ್ಯ? ಮಿಸೊಪ್ರೊಸ್ಟಾಲ್ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. 1,620 ತಾಯಂದಿರಲ್ಲಿ ಕೆಲವರಿಗೆ ಗುಳಿಗೆ, ಕೆಲವರಿಗೆ ಅದೇ ಥರ ಕಾಣುವ ಔಷಧವಿಲ್ಲದ ಗುಳಿಗೆ. ಹಳ್ಳಿಯ ಎಎನ್‌ಎಂಗಳೇ, ಅಂದರೆ ಉಪಕೇಂದ್ರದ ನರ್ಸುಗಳೇ, ಕೊಟ್ಟರು. ರಕ್ತಸ್ರಾವ ಆದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನಗೆ ಗುಳಿಗೆಗಿಂತ ಇಷ್ಟವಾದದ್ದು ರಕ್ತ ಅಳೆದ ಬಗೆ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ತುದಿಯಲ್ಲಿ ಲಾಳಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆ. ರಕ್ತ ಎಷ್ಟು ಹೋಯಿತು ಅಂತ ಗೆರೆ ನೋಡಿ ಹೇಳಬಹುದು. ಇದೇ ಜಿಲ್ಲೆಯಲ್ಲಿ ಈ ಚೀಲವನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಹೇಳುತ್ತಿತ್ತು.

ಇದನ್ನು ಹೇಳುತ್ತಿದ್ದ ಹಾಗೆ ಹುಡುಗಿ ಎದ್ದು ತನ್ನ ಡೈರಿ ತೆಗೆದಳು. ಹಳ್ಳಿಯಲ್ಲಿ ನಿವೃತ್ತರಾದ ಒಬ್ಬ ನರ್ಸಬಾಯಿ ಹೇಳಿದ ಮಾತನ್ನು ಕನ್ನಡದಲ್ಲೇ ಬರೆದುಕೊಂಡಿದ್ದಳು, ಅಂಕುಡೊಂಕು ಅಕ್ಷರದಲ್ಲಿ. "ಆಗ ಅಳತಿ ಎಲ್ಲಿಂದ ಬರಬೇಕವ್ವಾ? ಎಷ್ಟ್ ಅರಿವಿ ತೋಯ್ದ್ವು ಅನ್ನೋದ ನಮ್ಮ ಲೆಕ್ಕ." ಈ ಸಾಲು ಅವಳ ಹದಿನಾಲ್ಕು ಪುಟದಲ್ಲೂ ಇರಲಿಲ್ಲ, ಅರ್ಜಿಯಲ್ಲೂ ಇರಲಿಲ್ಲ.

ಇನ್ನು ಅವಳನ್ನು ತಡೆಯುವುದೇ ಕಷ್ಟವಾಯಿತು. ಇದನ್ನೇ ಮೊದಲ ನಿಮಿಷದಲ್ಲಿ ಹೇಳುತ್ತೇನೆ ಅಂದಳು. ನಾನು ಬೇಡ ಅಂದೆ. ನೀನು ನೋಡಿದ್ದು ಕೇಳಿದ್ದು ನಿನ್ನದು, ಅದನ್ನು ಹೇಳು. ಅಧ್ಯಯನದ ಹೆಸರನ್ನು ಅವರು ಕೆದಕಿದರೆ ಮಾತ್ರ ತೆಗೆ. ತೆಗೆದರೆ ಅದರ ಕೆಳಗಿನ ಮೂರು ಪ್ರಶ್ನೆಗೆ ತಯಾರಾಗಿರು. ಅದು ಅವರು ದಿನಾ ಕೆಲಸ ಮಾಡುವ ವಿಷಯ, ನಿನಗೆ ನಿನ್ನೆ ಗೊತ್ತಾದ ವಿಷಯ.

ತೆರೆಯದೇ ಇಟ್ಟಿದ್ದ ಕಡತ

ಅಭ್ಯಾಸದ ಇಂಟರ್‌ವ್ಯೂನಲ್ಲಿ ನಾನು ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿ ಬಗ್ಗೆ ಕೇಳಿದೆ. ಒಂದು ಸಲ ಅರ್ಧಕ್ಕೆ ಬಿಟ್ಟಿದ್ದಳು, ಮತ್ತೆ ತೆಗೆದುಕೊಂಡಾಗ ಸಿ ಗ್ರೇಡ್ ಬಂದಿತ್ತು. ಪ್ರಶ್ನೆ ಕೇಳಿದ ಕೂಡಲೇ ಕಣ್ಣು ಕೆಳಗೆ. "ಅದನ್ನ ಕೇಳ್ತಾರೇನು ಮಾಮಾ?" ತನ್ನದೇ ಅರ್ಜಿಯನ್ನು ಜೂನ್‌ನಲ್ಲಿ ಕಳಿಸಿದ ಮೇಲೆ ತೆರೆದು ನೋಡಿಲ್ಲ ಅಂದಳು. ಆ ಕಾಲೇಜಿಗೆ ಪ್ರತ್ಯೇಕವಾಗಿ ಬರೆದ ಉತ್ತರಗಳಲ್ಲಿ ಏನಿತ್ತು ಅನ್ನೋದೂ ಮರೆತಿತ್ತು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಹದಿನಾಲ್ಕು ಪುಟ ಬರೆಯುವಷ್ಟು ರಾತ್ರಿ ಕೂತವಳು ಸೋಮಾರಿ ಅಲ್ಲ. ಸಂದರ್ಶಕರ ಬಗ್ಗೆ ಹುಡುಕುವುದು ಓದಿದ ಹಾಗೆ ಕಾಣುತ್ತದೆ, ನೋವಾಗುವುದಿಲ್ಲ. ತನ್ನದೇ ಕಡತ ತೆರೆದರೆ ಆ ಸಿ ಗ್ರೇಡ್ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೈ ತಾನಾಗಿ ಪಬ್‌ಮೆಡ್ ಕಡೆ ಹೋಗುತ್ತದೆ. ನಮ್ಮ ಪಿಜಿ ಹುಡುಗರೂ ಇದನ್ನೇ ಮಾಡುತ್ತಿದ್ದರು. ಹೊರಗಿನಿಂದ ಬರುವ ಪರೀಕ್ಷಕರು ಯಾವ ಪ್ರಶ್ನೆ ಜಾಸ್ತಿ ಕೇಳುತ್ತಾರೆ ಅಂತ ಹುಬ್ಬಳ್ಳಿ, ಸೊಲ್ಲಾಪುರಕ್ಕೆಲ್ಲ ಫೋನ್ ಹಚ್ಚುವರು. ತಮ್ಮದೇ ಪ್ರಬಂಧದ ಕೋಷ್ಟಕದಲ್ಲಿ ಮೊತ್ತ ತಪ್ಪಿರುವುದು ನೋಡಿರುವುದಿಲ್ಲ.

ಆ ಮೇಲೆ ಬಂದ ಸಂಜೆಗಳಲ್ಲಿ ಡಾಕ್ಟರ ಹೆಸರು ಎತ್ತಲಿಲ್ಲ. ಅರ್ಜಿಯ ಪ್ರತಿ ಸಾಲಿಗೆ 'ಇದರ ಬಗ್ಗೆ ಇನ್ನೂ ಹೇಳಿ' ಅಂತ ನಾನು ಕೇಳುವುದು, ಅವಳು ಒಂದೂವರೆ ನಿಮಿಷ ಮಾತಾಡುವುದು. ಕೆಮಿಸ್ಟ್ರಿಯ ಉತ್ತರಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಮೊದಲು ಕಾರಣಗಳ ರಾಶಿ. ಆಮೇಲೆ ಒಂದೇ ಕಾರಣ. ಕೊನೆಗೆ, ಬಿಟ್ಟೆ, ಮತ್ತೆ ಹಿಡಿದೆ, ಓದುವ ರೀತಿ ಹೀಗೆ ಬದಲಿಸಿದೆ, ಮುಂದಿನ ಬಯೋಕೆಮಿಸ್ಟ್ರಿಯಲ್ಲಿ ಅದು ಹೀಗೆ ಕಾಣಿಸಿತು ಅನ್ನೋ ನಾಲ್ಕು ಮಾತು.

ಮೇಲ್‌ನಲ್ಲಿದ್ದ ಎರಡನೇ ಹೆಸರು ಅವಳ ಲೆಕ್ಕದಲ್ಲೇ ಇರಲಿಲ್ಲ. "ಅವನು ಸ್ಟೂಡೆಂಟ್ ಅಷ್ಟೇ" ಅಂದಿದ್ದಳು. ಅಲ್ಲಿ ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿ ಬರೆಯುವ ಅಭಿಪ್ರಾಯವೂ ಸಮಿತಿಯ ಮುಂದೆ ಹೋಗುತ್ತದೆ. ಕೆಲವು ಕಡೆ ಮತವೂ ಇರುತ್ತದೆ. ಇನ್ನೊಂದು ವಿಷಯ, ಯಾರು ಏನು ಓದಿಕೊಂಡು ಬರುತ್ತಾರೆ ಅನ್ನೋದು. ಇಡೀ ಕಡತ ನೋಡಿ ಬರುವವರಿದ್ದಾರೆ, ಏನೂ ನೋಡದೆ ಬರುವವರಿದ್ದಾರೆ, ಅರ್ಜಿಯ ಬರಹ ಮಾತ್ರ ಓದಿ ಅಂಕ ನೋಡದವರೂ ಇದ್ದಾರೆ. ಇದನ್ನು ಕಾಲೇಜೇ ಮೊದಲು ಹೇಳಿರುತ್ತದೆ, ಇಲ್ಲದಿದ್ದರೆ ಪ್ರವೇಶ ಕಚೇರಿಗೆ ಬರೆದು ಕೇಳಬಹುದು. ಸಂದರ್ಶಕರ ನಾಯಿಯ ಜಾತಿಗಿಂತ ಇದು ಸಾವಿರ ಪಾಲು ಉಪಯೋಗದ ಮಾಹಿತಿ. ಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು: ಪ್ರಾಧ್ಯಾಪಕರು ಅಂಕ ನೋಡಿರುವುದಿಲ್ಲ, ವಿದ್ಯಾರ್ಥಿ ಎಲ್ಲವನ್ನೂ ನೋಡಿರುತ್ತಾನೆ.

ಆ ರಾತ್ರಿ

ಅಜ್ಜಿಯ ಗೋಡೆ ಕ್ಯಾಲೆಂಡರಿನಲ್ಲಿ 7:30 ಅಂತ ಬರೆದಿತ್ತು. ಅಕ್ಟೋಬರಿನ ಲೆಕ್ಕಕ್ಕೆ ಅದು ಸರಿ. ಅಮೆರಿಕದ ಪೂರ್ವ ಭಾಗದವರು ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅಲ್ಲಿಯ ಬೆಳಿಗ್ಗೆ 10 ಅಂದರೆ ಇಲ್ಲಿ ರಾತ್ರಿ 8:30. ಹುಡುಗಿಯ ಫೋನ್ ಇದನ್ನು ತಾನೇ ಸರಿ ಮಾಡಿಕೊಂಡಿತ್ತು. ಅಜ್ಜಿ ಮಾತ್ರ 7:30ಕ್ಕೇ ಟಿವಿ ಆರಿಸಿ, ಕುಕ್ಕರ್ ಇಳಿಸಿ, ಬೀದಿಯ ಹುಡುಗರನ್ನು ಬೈದು ಕಳಿಸಿ, ಒಂದು ತಾಸು ಜಪಮಾಲೆ ಹಿಡಿದು ಕೂತರು. ಕರೆಂಟ್ ಹೋದರೆ ಅಂತ ಇನ್ವರ್ಟರ್, ನೆಟ್ ಹೋದರೆ ಅಂತ ಎರಡು ಫೋನಿನ ಹಾಟ್‌ಸ್ಪಾಟ್. ಯಾವುದೂ ಬೇಕಾಗಲಿಲ್ಲ.

ನಡೆದದ್ದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ಡಾಕ್ಟರು ಮೊದಲು ಕೇಳಿದ್ದು ಈ ವರ್ಷ ಏನು ಮಾಡುತ್ತಿದ್ದೀರಿ ಅಂತ. ಹಳ್ಳಿ, ತಾಯಿ ಕಾರ್ಡು, ಚೀಲ ಹಿಡಿದದ್ದು ಹೇಳಿದಳು. ನಿರೀಕ್ಷೆ ಮಾಡಿದಂತೆ ಬಂತು: ರೋಗಿಗಳನ್ನು ಮುಟ್ಟಿದಿರಾ? ಇಲ್ಲ, ನನಗೆ ಆ ತರಬೇತಿ ಇಲ್ಲ ಅಂದಳು. ಹಾಗಾದರೆ ಕಲಿತದ್ದೇನು ಅಂದಾಗ ನರ್ಸಬಾಯಿಯ ಅರಿವೆ ಲೆಕ್ಕದ ಮಾತು ಹೇಳಿದಳು. ಡಾಕ್ಟರು ಮುಂದೆ ಬಗ್ಗಿದರಂತೆ. ಅದು ಯಾವ ಊರು ಅಂತ ಮತ್ತೆ ಕೇಳಿದರು. ಬೆಳಗಾವಿ, ಮೊದಲು ಬೆಲ್ಗಾಮ್ ಅನ್ನುತ್ತಿದ್ದರು ಅಂದ ಮೇಲೆ ಆ ಲ್ಯಾನ್ಸೆಟ್ ಅಧ್ಯಯನದ ಮಾತು ಅವರ ಕಡೆಯಿಂದಲೇ ಬಂತು. ಹೆರಿಗೆ ರಕ್ತಸ್ರಾವದ ಮೇಲೆ ಕೆಲಸ ಮಾಡುವವರಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ. ಹಾಗಾಗಿ ಇದನ್ನು ಪವಾಡ ಅಂತೇನೂ ನಾನು ಅಂದುಕೊಂಡಿಲ್ಲ.

ಆದರೆ ಅದರ ಬೆನ್ನಿಗೇ ಬಂದ ಪ್ರಶ್ನೆ ಗಟ್ಟಿಯಾಗಿತ್ತು. ಆ ಅಧ್ಯಯನದಲ್ಲಿ ಅರ್ಧ ತಾಯಂದಿರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟದ್ದು ಸರಿಯೇ? ಅವಳು ಹೇಳಿದ್ದು ಇಷ್ಟು: "ಆ ಕಾಲದಲ್ಲಿ, ಆ ಹಳ್ಳಿಗಳಲ್ಲಿ, ಅಧ್ಯಯನ ಇಲ್ಲದಿದ್ದರೆ ಈ ತಾಯಂದಿರಿಗೆ ಏನು ಸಿಗುತ್ತಿತ್ತು ಅಂತ ಮೊದಲು ಕೇಳುತ್ತೇನೆ. ಬೇರೇನೂ ಸಿಗುತ್ತಿರಲಿಲ್ಲ ಅಂದರೆ ಒಂದು ಉತ್ತರ. ಸಿಗುವಂತಿತ್ತು ಅಂದರೆ ಬೇರೆ ಉತ್ತರ. ಪೂರ್ತಿ ಹೇಳುವಷ್ಟು ನನಗೆ ಗೊತ್ತಿಲ್ಲ." ವೈವಾದಲ್ಲಿ ನನ್ನ ಮುಂದೆ ಹೀಗೆ ಹೇಳಿದ್ದರೆ ಒಳ್ಳೆಯ ಅಂಕ ಕೊಡುತ್ತಿದ್ದೆ. ಅಂದ ಹಾಗೆ, ಆಗ ಎಎನ್‌ಎಂಗಳು ಇಂಥ ಹೆರಿಗೆಯಲ್ಲಿ ರಕ್ತ ತಡೆಯುವ ಔಷಧ ಕೊಡುವ ವಾಡಿಕೆ ಇರಲಿಲ್ಲ. ಆ ವಾದದ ತಿರುಳೇ ಅದು.

ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ?" ಅಂದಾಗ ನಿಮ್ಮ ವಿದ್ಯಾರ್ಥಿಗಳಿಗೆ ಹೆರಿಗೆ ಆದ ತಾಯಿಯನ್ನು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ನೋಡುವ ಅವಕಾಶ ಇದೆಯಾ ಅಂತ ಕೇಳಿದಳು. ಇದೊಂದು ಪ್ರಶ್ನೆಗೆ ಮಾತ್ರ ಆ ಅರ್ಧ ಪುಟ ನೇರವಾಗಿ ಕೆಲಸಕ್ಕೆ ಬಂತು.

ವಿದ್ಯಾರ್ಥಿ ನಗುತ್ತಲೇ ಶುರು ಮಾಡಿ, ಮೂರನೇ ನಿಮಿಷಕ್ಕೆ ಕೆಮಿಸ್ಟ್ರಿಗೆ ಬಂದ. ಆ ನಾಲ್ಕು ಮಾತು ಹೇಳಿದಳು. ಆಮೇಲೆ ಕೇಳಿದ್ದು, ನಿನ್ನ ರೂಮ್‌ಮೇಟ್ ನಿನ್ನ ಬಗ್ಗೆ ಏನಂತ ದೂರುತ್ತಾಳೆ? ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. "ಏನೇ ಬಂದರೂ ಬಣ್ಣ ಹಚ್ಚಿ ಪಟ್ಟಿ ಮಾಡ್ತೀನಿ ಅಂತ" ಅಂದಳಂತೆ.

ಆಮೇಲೆ

ಮರುದಿನ ಇಬ್ಬರಿಗೂ ಪ್ರವೇಶ ಕಚೇರಿಯ ಮೂಲಕವೇ ಮೂರು ಸಾಲಿನ ಧನ್ಯವಾದ ಕಳಿಸಿದಳು. ಡಾಕ್ಟರ ಸ್ವಂತ ಮೇಲ್ ವಿಳಾಸ ಅವಳ ಹತ್ತಿರ ಇತ್ತು, ಹದಿನಾಲ್ಕು ಪುಟದ ಮೊದಲ ಸಾಲೇ ಅದು. ಬಳಸಲಿಲ್ಲ.

ಆ ಕಾಲೇಜು ಅವಳನ್ನು ವೇಟ್‌ಲಿಸ್ಟ್‌ನಲ್ಲಿ ಇಟ್ಟಿತು. ಯಾಕೆ ಅಂತ ಯಾರೂ ಹೇಳುವುದಿಲ್ಲ. ಅಜ್ಜಿಗೆ ಇನ್ನೂ ಕಾಕಾನ ಗೆಳೆಯನ ಹೆಂಡತಿಯ ಕೊರಗು ಇದೆ.

ಸೀಟು ಸಿಕ್ಕಿದ್ದು ಇನ್ನೊಂದು ಕಾಲೇಜಿನಲ್ಲಿ. ಅಲ್ಲಿ ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ, ಪದ್ಧತಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ರೂಪಿಸಿ 2004ರಲ್ಲಿ ಪ್ರಕಟಿಸಿದ್ದು. ಕೆಲವೇ ನಿಮಿಷದ ಸಣ್ಣ ಸಣ್ಣ ಸುತ್ತು, ಪ್ರತಿ ಸುತ್ತಿಗೆ ಬೇರೆ ಸಂದರ್ಶಕರು, ಬೇರೆ ಸನ್ನಿವೇಶ. ಒಬ್ಬರಿಗೆ ಇಷ್ಟವಾಗದಿದ್ದರೂ ಇಡೀ ಫಲಿತಾಂಶ ಅವರ ಕೈಯಲ್ಲಿ ಇರುವುದಿಲ್ಲ. ಹೆಸರುಗಳನ್ನು ಮೊದಲು ಹೇಳಿರಲಿಲ್ಲ. ಹಾಗಾಗಿ ಆ ವಾರ ನಾವು ಮಾಡಿದ್ದು ಒಂದೇ ಕೆಲಸ. ನಾನು ಒಂದು ಸನ್ನಿವೇಶ ಓದಿ ಹೇಳುವುದು, ಎರಡು ನಿಮಿಷ ಅವಳು ಯೋಚಿಸುವುದು, ಆಮೇಲೆ ಮಾತು. ಅಜ್ಜಿಯೂ ಒಂದೆರಡು ಸನ್ನಿವೇಶ ಕೊಟ್ಟರು. ನೆರೆಮನೆಯವರ ಸೊಸೆಯ ಮೂರನೇ ಬಸಿರಿನದು ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದಾಗಿತ್ತು.